ಬರ ಸರ್ಕಾರದ್ದು, ಮಳೆ ದೇವರದ್ದು

ದಾವಣಗೆರೆಯ ಮಂಡಕ್ಕಿ-ಮಿರ್ಚಿ ಅಂಗಡಿ. ಪೇಪರ್ ಹಿಡಿದ ಮೇಷ್ಟ್ರು, ಭತ್ತದ ಗೌಡ್ರು.

‘ಗೌಡ್ರೇ, 2024ರಲ್ಲಿ ಭೂಮಿ ಬಿಸಿ ಏರಿಕೆ ಒಂದೂವರೆ ಡಿಗ್ರಿ ದಾಟ್ತಂತೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಎಳೆದ ಗೆರೆ ಅದು.’

‘ಪ್ಯಾರಿಸ್ ಗೆರೆ ನಮಗ್ಯಾಕ್ರೀ? ಭದ್ರಾ ಡ್ಯಾಂ 186 ಅಡಿ ಮುಟ್ಟಿದ್ರೆ ಸಾಕು.’

‘2023ರಲ್ಲಿ ಮುಟ್ಟಲಿಲ್ಲವಲ್ಲ! ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ.’

‘ಅದು ಹವಾಮಾನ ಅಲ್ರೀ, ಸರ್ಕಾರದ ಕಾಲ್ಗುಣ.’

‘ಮರುವರ್ಷ ಅದೇ ಸರ್ಕಾರ. ಭದ್ರಾ ಗೇಟ್ ಎತ್ತಿದ್ರು, ಹರಿಹರದಲ್ಲಿ ಹೊಳೆ ದಡ ಮೀರ್ತು.’

‘ಅದು ಹರಿಹರೇಶ್ವರನ ಕೃಪೆ.’

(ಇಂಥ ಲೆಕ್ಕಕ್ಕೆ ಯಾವ ವಿಜ್ಞಾನಿ ಉತ್ತರ ಕೊಟ್ಟಾನು?)

‘ಹೋಗ್ಲಿ, ಬೇಸಿಗೆ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆ ಹಾಕ್ತೀರಾ?’

‘ಖಂಡಿತ ಹಾಕ್ಬೇಕು ಮೇಷ್ಟ್ರೇ! ನಾಲೆ ಮೇಲ್ಗಡೆಯೋರಿಗೆ ಹೇಳ್ರಿ. ಅವರು ರಾಗಿ ಹಾಕಿದ್ರೆ ನಮ್ಮ ಭತ್ತಕ್ಕೆ ನೀರು ಸಾಲ್ತದೆ.’