ಗೋಡೆ ಹತ್ತಿದ ಸೈಕಲ್ಲು

ಬೆಂಗಳೂರಿನಲ್ಲಿ ಗ್ಯಾರೇಜು ಅಂದರೆ ಕೆಟ್ಟ ಕಾರು ಹೋಗಿ ನಿಲ್ಲುವ ಜಾಗ. ಕೆಡದ ಕಾರು ನಿಲ್ಲುವ ಜಾಗಕ್ಕೆ ಶೆಡ್ಡು ಅನ್ನುತ್ತಾರೆ, ಕೊಂಚ ಸ್ಥಿತಿವಂತರು ಪೋರ್ಟಿಕೋ ಅನ್ನುತ್ತಾರೆ. ಯಲಹಂಕ ಉಪನಗರದ ಮೂವತ್ತು-ನಲವತ್ತರ ಸೈಟಿನ ಯಜಮಾನರೊಬ್ಬರು, ನಿವೃತ್ತಿಯಾದ ಮೂರನೇ ತಿಂಗಳಿಗೆ, ತಮ್ಮ ಶೆಡ್ಡನ್ನು ಇದ್ದಕ್ಕಿದ್ದಂತೆ ‘ಗ್ಯಾರೇಜ್’ ಎಂದು ಕರೆಯತೊಡಗಿದಾಗಲೇ ಮನೆಯವರು ಎಚ್ಚೆತ್ತುಕೊಳ್ಳಬೇಕಿತ್ತು. (ಈ ಯಜಮಾನರ ಹೆಸರೂ ಈ ಪ್ರಬಂಧ ಬರೆದವರ ಹೆಸರೂ ಒಂದೇ ರೇಷನ್ ಕಾರ್ಡಿನ ಒಂದೇ ಸಾಲಿನಲ್ಲಿವೆ. ಓದುಗರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.)

ಶೆಡ್ಡಿಗೆ ಈ ಬಡ್ತಿ ಕೊಡಿಸಿದ್ದು ಮೊಬೈಲು. ರಾತ್ರಿ ಊಟವಾದ ಮೇಲೆ ಅಮೆರಿಕದವರ ಗ್ಯಾರೇಜು ನೋಡುವ ಚಟ ಯಜಮಾನರಿಗೆ ಹತ್ತಿತ್ತು. ಅಲ್ಲಿ ಗೋಡೆ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಒಂದೊಂದು ಸ್ಪ್ಯಾನರಿಗೂ ಗೋಡೆಯ ಮೇಲೆ ಅದರದೇ ಆಕಾರ ಬರೆದಿಟ್ಟಿರುತ್ತಾರೆ. ಸೈಕಲ್ಲುಗಳು ಆಲದಮರದ ಬಾವಲಿಗಳಂತೆ ಸಾಲಾಗಿ ನೇತಾಡುತ್ತಿರುತ್ತವೆ. ಆ ಮನೆಯ ಗಂಡಸು ನಗುನಗುತ್ತ ಎರಡು ನಿಮಿಷದಲ್ಲಿ ಕೊಂಡಿ ಬಿಗಿದು, ಒಂದೇ ಕೈಯಲ್ಲಿ ಸೈಕಲ್ಲೆತ್ತಿ ಸಿಕ್ಕಿಸಿ, ಕೈ ಕೊಡವಿಕೊಳ್ಳುತ್ತಾನೆ. ಅವನ ಗೋಡೆಯೊಳಗಿರುವುದು ಮರದ ಪಟ್ಟಿ ಮತ್ತು ಜಿಪ್ಸಮ್ ಹಲಗೆ ಎಂಬ ಸಂಗತಿಯನ್ನು ಅವನು ಬಾಯಿಬಿಡುವುದಿಲ್ಲ.

ಒಂದು ಬೆಳಿಗ್ಗೆ ಯಜಮಾನರು ಟೇಪು ಹಿಡಿದು ಶೆಡ್ಡಿಗಿಳಿದರು. ಅಗಲ 9 ಅಡಿ. ಅದರಲ್ಲಿ ವ್ಯಾಗನ್‌ಆರ್ ಕಾರು, ಪಕ್ಕದ ಕನ್ನಡಿ ಬಿಟ್ಟು, 5 ಅಡಿ 4 ಇಂಚು. ಉಳಿದ 3 ಅಡಿ 8 ಇಂಚಿನಲ್ಲಿ ಖಾಲಿ ಸಿಲಿಂಡರು, ಎರೆಗೊಬ್ಬರದ ಚೀಲ, ಸುಟ್ಟುಹೋದ ಮೋಟಾರು, ಮಗಳ ಮದುವೆಯಲ್ಲಿ ಮಿಕ್ಕಿದ ತಾಂಬೂಲದ ಚೀಲಗಳ ಕಟ್ಟು, ಇವೆಲ್ಲದಕ್ಕೂ ಒರಗಿಕೊಂಡು ಒಂದು ಸೈಕಲ್ಲು. ಸೈಕಲ್ಲು ಗೋಡೆ ಹತ್ತಿದರೆ ನೆಲ ಖಾಲಿ ಎಂಬ ಲೆಕ್ಕ ಪಕ್ಕಾ ಇತ್ತು. ನೆಲ ಖಾಲಿಯಾದ ಮೇಲೆ ಏನು ಮಾಡುವುದೆಂದು ಯಾರೂ ಕೇಳಲಿಲ್ಲ, ಯಜಮಾನರೂ ಹೇಳಲಿಲ್ಲ.

ಸೈಕಲ್ಲೋ, ಈಗಿನ ಗೇರು ಸೈಕಲ್ಲಲ್ಲ. ಕರಿಯ ಬಣ್ಣ, 28 ಇಂಚಿನ ಗಾಲಿ, ಕೇಬಲ್ಲಿನ ಬದಲು ಕಂಬಿಯ ಬ್ರೇಕು, ರಾಗಿ ಮೂಟೆ ಹೊರಬಲ್ಲ ಕ್ಯಾರಿಯರ್, ಹಿಂದಿನ ಗಾಲಿಗೆ ಕೆನ್ನೆಯೊತ್ತಿಕೊಂಡ ಡೈನಮೋ. ತೂಕ 20 ಕಿಲೋಗೂ ಮೇಲೆ. ಯಜಮಾನರ ತಂದೆ ಯಶವಂತಪುರದ ಬಾಡಿಗೆ ಮನೆಯಿಂದ ಜಾಲಹಳ್ಳಿಯ ಎಚ್‌ಎಂಟಿಗೆ ತುಳಿದದ್ದು ಇದನ್ನೇ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಗಡಿಯಾರ ಕಾರ್ಖಾನೆ ಅದು. ದೇಶಕ್ಕೆಲ್ಲ ಹೊತ್ತು ತೋರಿಸುವ ಗಡಿಯಾರ ಜೋಡಿಸುತ್ತಿದ್ದ ಆ ಮನುಷ್ಯನಿಗೆ ಸಂಜೆ ದೀಪ ಹಾಕುವ ಹೊತ್ತು ಮಾತ್ರ ನೆನಪಿರುತ್ತಿರಲಿಲ್ಲ. ದೀಪವಿಲ್ಲದ ಸೈಕಲ್ಲು ಕಂಡರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದ ಕಾಲ. ಎರಡು ಸಲ ಗಾಳಿ ಹೋದ ಮೇಲೆ ಡೈನಮೋ ಬಂತು.

“ಗುಜರಿಯವನಿಗೆ ಕೊಟ್ಟು ಕೈ ತೊಳ್ಕೊಳ್ರೀ. ಇಲ್ಲೇ ಗಾಲಿ ಫ್ಯಾಕ್ಟರಿ ಇದೆ, ಕರಗಿ ರೈಲಿನ ಗಾಲಿಯಾದ್ರೂ ಆಗ್ಲಿ” ಎಂದರು ಮನೆಯಾಕೆ. ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಎರಕ ಹೊಯ್ಯುತ್ತಿರುವುದು ನಿಜ, ಹಳೇ ಕಬ್ಬಿಣ ಕರಗಿಸಿಯೇ ಹೊಯ್ಯುವುದೂ ನಿಜ. ಆದರೆ ಆ ಕುಲುಮೆಗೆ ಹೋಗುವುದು ರೈಲ್ವೆಯದೇ ಸವೆದ ಗಾಲಿ, ಸವೆದ ಅಚ್ಚು. ಸೈಕಲ್ಲಿಗೆ ಅಲ್ಲಿ ಪುನರ್ಜನ್ಮವಿಲ್ಲ ಎಂದು ಯಜಮಾನರು ವಿವರಿಸಿದರು. “ದೇವರ ಮನೇಲಿ ಒಂದು ಸೈಕಲ್ ಇದೆಯಲ್ಲ, ಸಾಲ್ದಾ?” ಎಂದು ಆಕೆ ಊದುಬತ್ತಿಯ ಪೊಟ್ಟಣದತ್ತ ಕೈ ತೋರಿಸಿದರು. ಮೈಸೂರಿನ ಎನ್. ರಂಗರಾವ್ 1948ರಲ್ಲಿ ಶುರು ಮಾಡಿದ ಊದುಬತ್ತಿಯ ಸೈಕಲ್ಲು ಅದು. ಜಾಗ ತಿನ್ನುವುದಿಲ್ಲ, ಎಣ್ಣೆ ಕೇಳುವುದಿಲ್ಲ, ಸುವಾಸನೆ ಬೇರೆ. ಯಜಮಾನರ ಬಳಿ ಉತ್ತರವಿರಲಿಲ್ಲ. ಆನ್‌ಲೈನಿನಲ್ಲಿ ಕೊಂಡಿ ತರಿಸಿದರು.

ಕೊರೆಯುವ ಮುಹೂರ್ತ ಒದಗಿದ್ದು 2025ರ ಫೆಬ್ರವರಿಯಲ್ಲಿ, ಏರೋ ಇಂಡಿಯಾ ವಿಮಾನ ಪ್ರದರ್ಶನದ ವಾರ. ರಷ್ಯದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಟ್ಟಿಗೆ ಯಲಹಂಕದ ವಾಯುನೆಲೆಗೆ ಬಂದಿಳಿದ ವರ್ಷ. ಆಕಾಶದಲ್ಲಿ ಅಷ್ಟು ಗುಡುಗುವಾಗ ಶೆಡ್ಡಿನ ಸದ್ದು ಯಾರಿಗೆ ಕೇಳೀತು ಎಂಬ ಧೈರ್ಯದ ಮೇಲೆ ಯಜಮಾನರು ಎದುರು ಮನೆಯವರ ಡ್ರಿಲ್ಲಿಂಗ್ ಮಿಷನ್ನು ಕಡ ತಂದರು. ಎಲ್ಲರಿಗೂ ಕೇಳಿತು. ಮಿಷನ್ನು ಕೊಟ್ಟವರೇ ಮೊದಲು ಬಂದು ನಿಂತರು. ಹದ್ದುಗಳು ವಿಮಾನಕ್ಕೆ ಅಡ್ಡ ಬಾರದಿರಲಿ ಎಂದು ವಾಯುನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಮಾಂಸದ ಮಾರಾಟ ನಿಲ್ಲಿಸಿದ್ದರಿಂದ ಅವರು ಎರಡು ವಾರದಿಂದ ಬೇಳೆಸಾರಿನ ಮೇಲಿದ್ದರು. ಆ ಖಾರವೆಲ್ಲ ಮಾತಿಗೆ ಬಂದಿತ್ತು.

ಮೊದಲು ರಸಮಟ್ಟ. ಅಡ್ಡಲಾಗಿ ಹಿಡಿದರೆ ಗುಳ್ಳೆ ಎಡಕ್ಕೆ, ಸರಿಪಡಿಸಿದರೆ ಬಲಕ್ಕೆ. ಅರ್ಧ ಗಂಟೆಯಲ್ಲಿ ಗೋಡೆಯ ತುಂಬ ಪೆನ್ಸಿಲ್ ಗುರುತು ಬಿದ್ದು, ಮಗು ಅಂಕಿ ಕಲಿತ ಸ್ಲೇಟಿನ ಹಾಗಾಯಿತು. ಕೊನೆಗೊಂದು ಗುರುತಿಗೆ ನಮಸ್ಕಾರ ಮಾಡಿ ಮಿಷನ್ನು ಒತ್ತಿದರು.

ಮೊದಲ ಅರ್ಧ ಇಂಚು ಗಾರೆ ಬೆಣ್ಣೆಯಂತೆ ದಾರಿ ಬಿಟ್ಟಿತು. ಯಜಮಾನರ ಮುಖದಲ್ಲಿ ಅಮೆರಿಕದ ನಗು ಮೂಡಿತು. ಅಲ್ಲಿಗೆ ನಿಂತಿತು. ಮಿಷನ್ನು ತಿರುಗುತ್ತಿದೆ, ಚೀರುತ್ತಿದೆ, ಬಿಟ್ಟಿನ ಮೂತಿ ಕಾದು ನೀಲಿಯಾಗುತ್ತಿದೆ, ತೂತು ಮಾತ್ರ ಇದ್ದಲ್ಲೇ ಇದೆ. ಐದು ನಿಮಿಷ. ಹತ್ತು ನಿಮಿಷ. ಯಜಮಾನರು ಭುಜ ಕೊಟ್ಟು ನೂಕಿದರು. ಎದೆ ಕೊಟ್ಟು ನೂಕಿದರು. ಕಾರಿನ ಬಾನೆಟ್ಟಿಗೆ ಒಂದು ಕಾಲು ಆನಿಸಿ, ಹಣೆಯನ್ನು ಮಿಷನ್ನಿನ ಹಿಂಭಾಗಕ್ಕೆ ಒತ್ತಿ ನೂಕಿದರು. ಮೈಯೆಲ್ಲ ಗಾರೆಪುಡಿ ಮೆತ್ತಿ, ಹುಬ್ಬು ಬೆಳ್ಳಗಾಗಿ, ಭಸ್ಮ ಬಳಿದುಕೊಂಡ ಸನ್ಯಾಸಿಯಂತೆ ಕಾಣತೊಡಗಿದರು. ಮೇಲೆ ಒಂದು ವಿಮಾನ ನೆಟ್ಟಗೆ ಆಕಾಶಕ್ಕೇರಿ, ತಲೆಕೆಳಗಾಗಿ, ಹೊರಳಿ, ಮರಳಿ ಬಂತು. ಅಷ್ಟು ಹೊತ್ತಿಗೂ ಕೆಳಗೆ ಒಂದು ನೂಲಿನಷ್ಟೂ ಪ್ರಗತಿಯಿರಲಿಲ್ಲ.

ಸೋತ ವಿದ್ಯಾವಂತ ಮಾಡುವ ಕೆಲಸವನ್ನೇ ಅವರೂ ಮಾಡಿದರು: ಕಾರಣ ಹುಡುಕಿದರು. ಗಾರೆಯ ಹಿಂದಿರುವುದು ಇಟ್ಟಿಗೆಯಲ್ಲ, ಸೈಜುಗಲ್ಲು. ಬೆಟ್ಟಹಲಸೂರಿನ ಕಡೆಯ ಕ್ವಾರಿಯದಿರಬೇಕು. ಅಂದರೆ ಲಾಲ್‌ಬಾಗಿನ ಬಂಡೆಯ ದಾಯಾದಿ. ಮಿಷನ್ನು ಕೆಳಗಿಟ್ಟು, ಕಾಫಿ ತಂದ ಮನೆಯಾಕೆಯನ್ನೂ ಎದುರು ಮನೆಯವರನ್ನೂ ನಿಲ್ಲಿಸಿಕೊಂಡು ಉಪನ್ಯಾಸ ಶುರುವಾಯಿತು. ಈ ಕಲ್ಲಿನ ವಯಸ್ಸು ಹತ್ತಿರ ಹತ್ತಿರ 300 ಕೋಟಿ ವರ್ಷ. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಸಾಹೇಬರು ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು.

“ನೈಸ್ ರೋಡಾ?” ಎಂದರು ಎದುರು ಮನೆಯವರು.

“ರೋಡಲ್ಲ ಸ್ವಾಮಿ, ಕಲ್ಲು. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಕಲ್ಲಿಗೆ ನಾವು ಕೈ ಹಾಕಿರೋದು. ಯಲಹಂಕದ ಕೆಂಪೇಗೌಡರೇ ಅದರ ನೆತ್ತಿ ಮೇಲೆ ಗೋಪುರ ಕಟ್ಟಿಸಿ ಸುಮ್ಮನಾದ್ರು, ಕೊರೆಯೋಕೆ ಹೋಗ್ಲಿಲ್ಲ.”

ಮಾತು ಮುಗಿಯುವ ಹೊತ್ತಿಗೆ ಸೋಲು ಗೆಲುವಿಗಿಂತ ಘನವಾಗಿ ಕಾಣುತ್ತಿತ್ತು. 300 ಕೋಟಿ ವರ್ಷದ ಎದುರಾಳಿಗೆ ಸೋಲುವುದರಲ್ಲಿ ಅವಮಾನವೇನಿದೆ? ಅಷ್ಟರಲ್ಲಿ ಮೇಲಿನ ಮನೆಯ ಗೀಜರು ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್ ಹುಡುಗ ಗೇಟಿನಿಂದ ಇಣುಕಿದ. ಒಳಗೆ ಬಂದು ಮಿಷನ್ನನ್ನು ಎತ್ತಿ, ಬೆರಳಲ್ಲಿ ಗುಂಡಿ ಅದುಮಿ, ತಿರುಗುವುದನ್ನು ನೋಡಿದ.

“ಸಾರ್, ಮಿಷನ್ ಉಲ್ಟಾ ತಿರುಗ್ತಾ ಇದೆ.”

ಗುಂಡಿಯ ಮೇಲಿನ ಪುಟ್ಟ ಸನ್ನೆಯನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದ. “ಹ್ಯಾಮರೂ ಹಾಕಿಲ್ಲ” ಎಂದು ನೆತ್ತಿಯ ಇನ್ನೊಂದು ಸನ್ನೆ ತಿರುಗಿಸಿದ. ಗಡಗಡಗಡ. ಮೂರು ನಿಮಿಷಕ್ಕೆ ಮೊದಲ ತೂತು, ಆರಕ್ಕೆ ಎರಡನೆಯದು. 300 ಕೋಟಿ ವರ್ಷ ಬಿಳಿಯ ಪುಡಿಯಾಗಿ ಸುರಿಯಿತು. ಎದುರು ಮನೆಯವರು ನಗಲಿಲ್ಲ. ಅದೇ ಹೆಚ್ಚು ನೋವಿನ ಸಂಗತಿ. ಅಂದಿನಿಂದ ಅವರು ಯಜಮಾನರನ್ನು ‘ಸ್ಮೀತ್ ಸಾಹೇಬ್ರು’ ಎಂದೇ ಕರೆಯುತ್ತಾರೆ.

ಮುಂದಿನದೆಲ್ಲ ಹುಡುಗನದೇ. ರಾಲ್ ಪ್ಲಗ್ ಸಾಕೇ ಎಂದು ಕೇಳಿದ್ದಕ್ಕೆ ಅವನು ಸಾಲದೆಂದು ತಲೆಯಾಡಿಸಿದ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವಿದ್ಯುತ್ ಸಾಮಾನು ಕೂರಿಸುವಾಗ ಗೋಡೆ ಕೆಡಬಾರದೆಂದು ಜಾನ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ಸೆಣಬಿನ ನಾರಿನಿಂದ ಬೆಣೆ ಮಾಡಿ, 1911ರಲ್ಲಿ ಪೇಟೆಂಟು ಪಡೆದ ಕಥೆ ಯಜಮಾನರಿಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಉಪನ್ಯಾಸಕ್ಕೆ ಮುಖವಿರಲಿಲ್ಲ. ಹುಡುಗ ಕಬ್ಬಿಣದ ಆಂಕರ್ ಬೋಲ್ಟು ತೂತಿಗಿಳಿಸಿ ನಟ್ಟು ಬಿಗಿದ. ಬಿಗಿದಷ್ಟೂ ಒಳಗಿನ ಮೂತಿ ಮುಂದಕ್ಕೆ ಜಗ್ಗಿ, ಸುತ್ತಲಿನ ತೋಳು ಅರಳಿ, ಕಲ್ಲನ್ನು ಒಳಗಿನಿಂದಲೇ ಕಚ್ಚಿಕೊಳ್ಳುತ್ತದೆ. “ಆನೆ ಕಟ್ಟಿ ಸಾರ್, ಅಲ್ಲಾಡಲ್ಲ” ಎಂದು ಇನ್ನೂರು ರೂಪಾಯಿ ಇಸಿದುಕೊಂಡು ಹೊರಟ.

ಸೈಕಲ್ಲು ಗೋಡೆ ಹತ್ತಿತು. ಆಗ ಟೇಪಿನ ಲೆಕ್ಕದಲ್ಲಿ ಬಿಟ್ಟುಹೋದದ್ದು ಗೊತ್ತಾಯಿತು: ಹ್ಯಾಂಡಲ್ಲು. ಹ್ಯಾಂಡಲ್ಲಿನ ಒಂದು ಕೊನೆ ಗೋಡೆಗೆ ತಾಗಿದರೆ ಇನ್ನೊಂದು ಕೊನೆ ಎರಡಡಿ ಈಚೆಗೆ, ಸರಿಯಾಗಿ ಯಜಮಾನರ ಹಣೆಯ ಮಟ್ಟಕ್ಕೆ, ಬೆಲ್ಲಿನ ಸಮೇತ. ಕಾರಿಗೂ ಸೈಕಲ್ಲಿಗೂ ನಡುವೆ ಉಳಿದದ್ದು 1 ಅಡಿ 8 ಇಂಚು. ಡ್ರೈವರ್ ಬಾಗಿಲಿಗೆ ಅಡ್ಡಡ್ಡ ಸರಿದುಕೊಂಡು ಹೋಗುವಾಗ ದಿನವೂ ಹಣೆ ತಾಗಿ ಟ್ರಿಣ್ ಅನ್ನುತ್ತದೆ. ಯಜಮಾನರು ಹೊರಗೆ ಹೊರಟದ್ದು ಒಳಗೆ ಅಡುಗೆಮನೆಗೆ ಹೀಗೆ ತಿಳಿಯುತ್ತದೆ.

ಮಗಳು ವಿಡಿಯೋ ಕರೆಯಲ್ಲಿ ನೋಡಿ ಸಮಾಧಾನ ಹೇಳಿದಳು. ಪಿಕಾಸೋ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ಲು ಜೋಡಿಸಿ ಹೋರಿಯ ತಲೆ ಮಾಡಿದ, ಅದೀಗ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿದೆ, ನಿಮ್ಮದೂ ಕಲೆಯೇ ಅಪ್ಪ ಎಂದಳು. “ಆ ಹೋರಿ ನಿಮ್ಮಪ್ಪನ್ನ ದಿನಾ ಹಾಯ್ತಾ ಇದೆ” ಎಂದರು ಹಿಂದಿನಿಂದ ಮನೆಯಾಕೆ.

ಒಂದು ಭಾನುವಾರ ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೊರಟ ಇಬ್ಬರು ಹುಡುಗರು ಗೇಟಿನ ಮುಂದೆ ಕಾರು ನಿಲ್ಲಿಸಿದರು. ಮೈಗಂಟಿದ ಬಟ್ಟೆ, ಹೆಲ್ಮೆಟ್ಟು; ಸೈಕಲ್ಲುಗಳು ಮಾತ್ರ ಕಾರಿನ ಬೆನ್ನಿಗೆ ಬೆಲ್ಟಿನಲ್ಲಿ ಬಿಗಿಸಿಕೊಂಡು ಕೂತಿದ್ದವು. “ಅಂಕಲ್, ವಿಂಟೇಜ್! ಕೊಡ್ತೀರಾ? ಫ್ರೆಂಡ್ ಕೆಫೆ ಮಾಡ್ತಿದ್ದಾನೆ, ಗೋಡೆಗೆ ಹಾಕ್ತೀವಿ.” ಯಜಮಾನರಿಗೆ ಯಾಕೋ ರೇಗಿತು. ತಾವೂ ಅದನ್ನು ಗೋಡೆಗೇ ಹಾಕಿದ್ದು, ಇಲ್ಲವೆಂದಲ್ಲ. ಕಾರಿನ ಬೆನ್ನ ಮೇಲೆ ಸೈಕಲ್ಲು, ಕೆಫೆಯ ಗೋಡೆಯ ಮೇಲೆ ಸೈಕಲ್ಲು, ಊದುಬತ್ತಿಯ ಪೊಟ್ಟಣದ ಮೇಲೆ ಸೈಕಲ್ಲು. “ಇಲ್ಲಪ್ಪ, ಮಾರೋದಲ್ಲ” ಎಂದು ಗೇಟು ಹಾಕಿಕೊಂಡರು.

ತಂದೆ ಕೊನೆಯ ಸಲ ಇದನ್ನು ಹೊರಗೆ ತೆಗೆದದ್ದು ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದ ವರ್ಷ, 2008ರಲ್ಲಿ. ಹೆಬ್ಬಾಳದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿ ಬರುತ್ತೇನೆಂದು ಬೆಳಿಗ್ಗೆ ಹೋದವರು ಮಧ್ಯಾಹ್ನ ಮೂರಕ್ಕೆ ಬಂದರು, ಸೈಕಲ್ಲು ತಳ್ಳಿಕೊಂಡು. ಪಂಚರ್ ಆಗಿರಲಿಲ್ಲ. ಬಳ್ಳಾರಿ ರಸ್ತೆ ದಾಟಲು ಮುಕ್ಕಾಲು ಗಂಟೆ ನಿಂತೆ, ಯಾರೂ ಬಿಡಲಿಲ್ಲ, ಎಂದಷ್ಟೇ ಹೇಳಿದರು. ಸಹೋದ್ಯೋಗಿಯ ಮನೆ ರಸ್ತೆಯ ಆಚೆ ಬದಿಗಿತ್ತು. ಪ್ಯಾಂಟಿನ ಕ್ಲಿಪ್ಪುಗಳನ್ನು ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿದರು. ಅವು ಇನ್ನೂ ಅಲ್ಲೇ ಇವೆ, ತುಕ್ಕು ಹಿಡಿದು, ಎರಡೂ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಕಾರಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಸೈಕಲ್ಲಿನ ಸರದಿ ಬಂದಾಗ ತೊಡಕಾಯಿತು: ಗಾಲಿಗೂ ನೆಲಕ್ಕೂ ನಡುವೆ ಎರಡಡಿ ಬರೀ ಗಾಳಿ. ಮನೆಯಾಕೆ ತುಸು ಯೋಚಿಸಿ, ಗುಜರಿಯ ಮಾತನ್ನು ಮರೆತವರಂತೆ, ಹೂವಿನ ದಾರದಲ್ಲಿ ಒಂದೊಂದು ನಿಂಬೆಹಣ್ಣನ್ನು ಒಂದೊಂದು ಗಾಲಿಗೆ ಕಟ್ಟಿ, ಬಾರಿಗೆ ಕುಂಕುಮ ಹಚ್ಚಿದರು. ಸೈಕಲ್ ಊದುಬತ್ತಿಯನ್ನು ಸೈಕಲ್ಲಿನ ಬೆಲ್ಲಿಗೇ ಸಿಕ್ಕಿಸಿದರು.

ಸಂಜೆ ಎಲ್ಲರೂ ಒಳಗೆ ಹೋದ ಮೇಲೆ ಯಜಮಾನರು ಶೆಡ್ಡಿನಲ್ಲಿ ಒಬ್ಬರೇ ಉಳಿದರು. ಡೈನಮೋವನ್ನು ಗಾಲಿಗೆ ಒತ್ತಿ, ಈಚೆಯ ಪೆಡಲನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಮೊದಲು ಗುರ್ ಅಂದಿತು. ಜೋರಾಗಿ ತಿರುಗಿಸಿದರು. ಹಳದಿಯ ಸಣ್ಣ ಬೆಳಕೊಂದು ಎದ್ದು, ಪೆನ್ಸಿಲ್ ಗುರುತುಗಳ ಮೇಲೆ ಹಾದು, ಆ ಉಲ್ಟಾ ಕೊರೆದ ಅರ್ಧ ಇಂಚಿನ ತೂತಿನ ಮೇಲೆ ಬಿತ್ತು. ಹಿಂದಿನ ಗಾಲಿಯ ನಿಂಬೆಹಣ್ಣು ದಾರ ಹರಿದುಕೊಂಡು ಹಾರಿ ಕಾರಿನಡಿಗೆ ಉರುಳಿತು.

“ರೀ, ಕತ್ತಲಲ್ಲಿ ಅಲ್ಲೇನ್ ಮಾಡ್ತಿದೀರಿ?” ಒಳಗಿನಿಂದ ಕೂಗು ಬಂತು.

“ದೀಪ ಹಾಕ್ಕೊಳ್ತಿದೀನಿ ಕಣೇ” ಎಂದರು ಯಜಮಾನರು. “ಪೊಲೀಸ್ನೋರು ಗಾಳಿ ಬಿಟ್ರೆ ಕಷ್ಟ.”