ಅಷ್ಟೊಂದು ಆಂಪಿಯರ್ ಯಾಕೆ, ರಾಯರೇ?

ಬೆಳಿಗ್ಗೆಯಿಂದ ಮಹಡಿ ಮೇಲೆ ಮೇಜು ಎಳೆಯೋ ಸದ್ದು ಕೇಳಿಸ್ತಿತ್ತು. ರೇಡಿಯೋ ರಿಪೇರಿಗೆ ಕೋಣೆ ಸಿದ್ಧವಾಯ್ತು ಅನ್ನಿ. ರಿಟೈರ್ ಆದಮೇಲೆ ಹಳೇ ಟ್ರಾನ್ಸಿಸ್ಟರ್ ಸೆಟ್ಟುಗಳಿಗೆ ಜೀವ ಕೊಡ್ತೀನಿ ಅಂತ ಹೊರಟಿದ್ದೀರಲ್ಲ, ನನಗಂತೂ ಬಹಳ ಸಂತೋಷ. ಪವರ್ ಸಪ್ಲೈ ತರೋಕೆ ಎಸ್.ಪಿ. ರೋಡಿಗೆ ಹೊರಟಿದ್ದೀರಿ ಅಂತ ನಿಮ್ಮ ಮನೆಯವರು ಹೇಳಿದರು. ಸ್ವಲ್ಪ ನಿಲ್ಲಿ, ಈ ಕಾಂಪೌಂಡ್ ಹತ್ತಿರಾನೇ ಎರಡು ಮಾತು ಆಡಿಬಿಡೋಣ.

ಅಂಗಡಿಯಲ್ಲಿ 30 ವೋಲ್ಟ್, 10 ಆಂಪಿಯರ್‌ನ ಡಬ್ಬ ತೋರಿಸಿ, ಆಂಪಿಯರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದರೆ ಒಪ್ಪಬೇಡಿ. ನಿಮ್ಮ ಸೆಟ್ಟುಗಳಲ್ಲಿ ಹೆಚ್ಚಿನವು ನಾಲ್ಕು ಸೆಲ್ಲಿನವು, 6 ವೋಲ್ಟ್. ವಾಲ್ಯೂಮ್ ಪೂರ್ತಿ ಇಳಿಸಿದಾಗ ಅಂಥ ಸೆಟ್ಟು ಎಳೆಯೋದು ಹತ್ತೋ ಹದಿನೈದೋ ಮಿಲಿಆಂಪಿಯರ್. ಆಗ 12 ಎಳೀತಿದೆಯೋ 19 ಎಳೀತಿದೆಯೋ ಗೊತ್ತಾದರೆ ತಾನೇ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೇಗಿವೆ ಅಂತ ನೀವು ಅಂದಾಜು ಮಾಡೋದು? ದೊಡ್ಡ ಡಬ್ಬಗಳ ಮೀಟರು ಎಷ್ಟೋ ಸಲ ದಶಾಂಶದ ಮುಂದೆ ಎರಡೇ ಅಂಕಿ ತೋರಿಸುತ್ತೆ. 12ಕ್ಕೂ 0.01, 19ಕ್ಕೂ ಅಲ್ಲೇ ಒಂದಂಕಿ ಆಚೀಚೆ. ಮೂರು ಅಂಕಿ ಇರೋದನ್ನೇ ಕೇಳಿ, ಒಂದೊಂದು ಮಿಲಿಆಂಪಿಯರ್ ಕಾಣಬೇಕು. 2 ಆಂಪಿಯರ್ ಇದ್ದರೆ ನಿಮಗೆ ಧಾರಾಳ.

ವೋಲ್ಟೇಜಿನ ನಾಬ್ ಎಲ್ಲದರಲ್ಲೂ ಇರುತ್ತೆ. ನನ್ನ ಲೆಕ್ಕದಲ್ಲಿ ದುಡ್ಡು ಕೊಡೋದು ಕರೆಂಟಿನ ನಾಬ್‌ಗೆ. ಹೇಗೆ ಬಳಸೋದು ಹೇಳ್ತೀನಿ. ಮೊದಲು ವೋಲ್ಟೇಜ್ ಇಳಿಸಿ, ಕೆಂಪು ಕಪ್ಪು ವೈರುಗಳನ್ನ ಒಂದಕ್ಕೊಂದು ಮುಟ್ಟಿಸಿ, ಮೀಟರಿನಲ್ಲಿ 0.050 ಬರೋವರೆಗೆ ಕರೆಂಟ್ ನಾಬ್ ತಿರುಗಿಸಿ. ವೈರು ಬಿಡಿಸಿ, 6 ವೋಲ್ಟ್ ಇಡಿ, ಔಟ್‌ಪುಟ್ ಆರಿಸಿ ಸೆಟ್ಟಿಗೆ ಜೋಡಿಸಿ, ಆಮೇಲೆ ಔಟ್‌ಪುಟ್ ಹಾಕಿ. ಸೆಟ್ಟು ಸರಿ ಇದ್ದರೆ ಸಿ.ವಿ. ದೀಪ, ಅಂದರೆ ವೋಲ್ಟೇಜ್ ಸ್ಥಿರವಾಗಿದೆ ಅನ್ನೋ ದೀಪ, ಹಾಗೇ ಇರುತ್ತೆ. ಒಳಗೆಲ್ಲೋ ಶಾರ್ಟ್ ಇದ್ದರೆ, ಕರೆಂಟ್ ಮಿತಿ ಮುಟ್ಟಿತು ಅನ್ನೋ ಸಿ.ಸಿ. ದೀಪ ಹತ್ತಿ ವೋಲ್ಟೇಜ್ ಕುಸಿಯುತ್ತೆ. ಆಗ ಗಾಬರಿ ಬೇಡ, 50 ಮಿಲಿಆಂಪಿಯರ್‌ಗೆ ಏನೂ ಸುಡೋದು ಕಷ್ಟ. ಕುಸಿದ ವೋಲ್ಟೇಜೇ ಕಾಯಿಲೆ ಹೇಳುತ್ತೆ: ಸೊನ್ನೆ ಹತ್ತಿರ ಬಂದು ನಿಂತರೆ ಬೆಸುಗೆ ಹರಡಿ ಎರಡು ಟ್ರ್ಯಾಕ್ ಅಂಟಿರಬಹುದು, 0.7ರಲ್ಲಿ ನಿಂತರೆ ಯಾವುದೋ ಸಿಲಿಕಾನ್ ಡಯೋಡು ಉಲ್ಟಾ ಕೂತಿದೆಯಾ ನೋಡಿ.

ಔಟ್‌ಪುಟ್‌ಗೆ ಅಂತಲೇ ಬೇರೆ ಸ್ವಿಚ್ ಇಲ್ಲದ್ದನ್ನ ಮುಟ್ಟಲೇಬೇಡಿ. ಈ ಸಪ್ಲೈಗಳ ಔಟ್‌ಪುಟ್‌ನಲ್ಲಿ ಕೆಪಾಸಿಟರ್ ಇರುತ್ತೆ, ಅದರಲ್ಲಿ ತುಂಬಿಟ್ಟ ಚಾರ್ಜಿಗೆ ಕರೆಂಟ್ ನಾಬಿನ ಹಂಗಿಲ್ಲ. 20 ವೋಲ್ಟಿನಲ್ಲಿ ಇದ್ದದ್ದನ್ನ ಹಾಗೇ ತಂದು 6 ವೋಲ್ಟಿನ ಸೆಟ್ಟಿಗೆ ಮುಟ್ಟಿಸಿದರೆ ಅಷ್ಟೂ ಒಂದೇ ಏಟಿಗೆ ಒಳಗೆ ನುಗ್ಗುತ್ತೆ. ನಿಮ್ಮ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳು, ಎಸಿ128 ಅಂಥವು, ಹೋದರೆ ಮತ್ತೆ ಸಿಗೋದು ಸುಲಭವಲ್ಲ. ಹಾಗೇ, ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಗ್ರೌಂಡ್ ಅಂದರೆ ಪಾಸಿಟಿವ್. ಕೆಂಪು ಕಪ್ಪಿನ ನಡುವೆ ಹಸಿರು ಟರ್ಮಿನಲ್ ಇರುತ್ತಲ್ಲ, ಅದು ಅರ್ತ್. ಕಪ್ಪಿಗೂ ಹಸಿರಿಗೂ ತಗಡಿನ ಪಟ್ಟಿ ಹಾಕಿದ್ದರೆ ನೆಗೆಟಿವ್ವೇ ಅರ್ತ್ ಆಗಿಬಿಡುತ್ತೆ, ಪಟ್ಟಿ ತೆಗೆದುಬಿಡಿ.

ಈಗ ದೊಡ್ಡ ಪ್ರಶ್ನೆ, ಎಸ್‌ಎಂಪಿಎಸ್ಸೋ ಲೀನಿಯರ್ರೋ. ನಿಮ್ಮ ಮೊಮ್ಮಗ ಕೇಳಿದ್ದರೆ ಎಸ್‌ಎಂಪಿಎಸ್ ತಗೋಪ್ಪಾ ಅಂತಿದ್ದೆ. ಅವನ ಪುಟ್ಟ ವೈಫೈ ಬೋರ್ಡುಗಳಿಗೆ, ಮೋಟಾರುಗಳಿಗೆ ಅದು ಸಾಕು. ಹಗುರ, ಬಿಸಿ ಕಡಿಮೆ, ಮೇಜಿನ ಮೂಲೆಯಲ್ಲಿ ಕೂರುತ್ತೆ. ನಿಮಗೆ ಮಾತ್ರ ಬೇಡ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನ ಕತ್ತರಿಸಿ ಕತ್ತರಿಸಿ ಕೊಡೋ ಯಂತ್ರ. 100 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದರೆ ಅದರ ಹಾರ್ಮಾನಿಕ್‌ಗಳು 600, 700, 800 ಅಂತ ಮೀಡಿಯಂ ವೇವ್ ಉದ್ದಕ್ಕೂ ಬೀಳುತ್ತವೆ. ಬೆಂಗಳೂರು ಆಕಾಶವಾಣಿ ಇರೋದು 612ರಲ್ಲಿ! ಗೊರಗೊರ ಸದ್ದು ಸೆಟ್ಟಿನದೋ ಸಪ್ಲೈಯದೋ ತಿಳಿಯದೆ, ಸರಿಯಾಗಿರೋ ಐ.ಎಫ್. ಕಾಯಿಲನ್ನೆಲ್ಲ ತಿರುಗಿಸುತ್ತಾ ಕೂರಬೇಕಾಗುತ್ತೆ.

ಲೀನಿಯರ್ ಭಾರ, ಟ್ರಾನ್ಸ್‌ಫಾರ್ಮರ್ ಇದೆಯಲ್ಲ. ಬಿಸಿಯಾಗುತ್ತೆ ಅಂತ ಹೆದರಿಸ್ತಾರೆ, ಸುಳ್ಳೇನಲ್ಲ. ಒಳಗಿನ 35 ವೋಲ್ಟನ್ನ 5ಕ್ಕೆ ಇಳಿಸಿ 2 ಆಂಪಿಯರ್ ಎಳೆದರೆ ಮಿಕ್ಕ 60 ವ್ಯಾಟ್ ಶಾಖವಾಗಿ ಹೋಗಲೇಬೇಕು, 25 ವ್ಯಾಟಿನ ಸೋಲ್ಡರಿಂಗ್ ಐರನ್ ಎರಡಕ್ಕಿಂತ ಹೆಚ್ಚು. ಆದರೆ ನೀವು ಎಳೆಯೋದು ಹೆಚ್ಚೆಂದರೆ 100 ಮಿಲಿಆಂಪಿಯರ್, ಅದಕ್ಕೆ ಸುಮಾರು 3 ವ್ಯಾಟ್. ಫ್ಯಾನೂ ಬೇಕಿಲ್ಲ, ರೇಡಿಯೋ ಕೇಳೋವಾಗ ಅದೂ ಒಂದು ಅನುಕೂಲ. ಮನೆಯಲ್ಲಿರೋ ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ಸನ್ನೇ ಬಳಸ್ತೀನಿ ಅಂದಿರಂತೆ. ಅದರಲ್ಲಿ ಲಿಮಿಟ್ ಇಡೋ ದಾರಿಯೇ ಇಲ್ಲ, 12 ವೋಲ್ಟಿನ ವೈರು ಶಾರ್ಟ್ ಆದರೆ ಹತ್ತಿಪ್ಪತ್ತು ಆಂಪಿಯರ್ ಹರಿದು ವೈರೇ ಉರಿದುಹೋಗಬಹುದು.

ನನ್ನ ಸಲಹೆ ಕೇಳಿದರೆ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳಲ್ಲಿ ಆರ್‌ಪಿಎಸ್ ಅಂತಾರಲ್ಲ, 0–30 ವೋಲ್ಟ್, 2 ಆಂಪಿಯರ್‌ನ ಲೀನಿಯರ್ರು, ಅದನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಹಿಂದುಗಡೆ 110/230ರ ಸ್ವಿಚ್ ಇದ್ದರೆ 230ರಲ್ಲಿದೆಯಾ ಅಂತ ನೋಡಿಯೇ ಪ್ಲಗ್ ಹಾಕಿಸಿ. ವೋಲ್ಟೇಜ್ ನಾಬನ್ನ ನಿಧಾನವಾಗಿ ತಿರುಗಿಸಿ. ಅಂಕಿ ಮೆಟ್ಟಿಲು ಹಾರಿದ ಹಾಗೆ ಜಿಗಿದರೆ ಒಳಗಿನ ಪಾಟ್ ಸವೆದಿದೆ, ಅದನ್ನ ಬದಲಾಯಿಸಿ ಕೊಡಿ ಅನ್ನಿ, ಇಲ್ಲದಿದ್ದರೆ ಬಿಟ್ಟುಬಿಡಿ. ಬೈಕಿನ ಇಂಡಿಕೇಟರ್ ಬಲ್ಬು, 12 ವೋಲ್ಟ್ 10 ವ್ಯಾಟಿನದು, ಒಂದನ್ನ ಜೇಬಲ್ಲಿ ಇಟ್ಕೊಂಡು ಹೋಗಿ. 12 ವೋಲ್ಟಿನಲ್ಲಿ ಅದು ಸುಮಾರು 0.8 ಆಂಪಿಯರ್ ಎಳೀಬೇಕು, ವೋಲ್ಟೇಜ್ ಅಲುಗಾಡಬಾರದು. ಆಮೇಲೆ ಕರೆಂಟ್ ನಾಬನ್ನ 0.4ಕ್ಕೆ ಇಳಿಸಿ. ಬಲ್ಬು ಮಂಕಾಗಿ, ಸಿ.ಸಿ. ದೀಪ ಹತ್ತಿದರೆ ದುಡ್ಡು ಕೊಟ್ಟು ಎತ್ಕೊಂಡು ಬನ್ನಿ. ಭಾರ ಇರುತ್ತೆ, ಆಟೋದಲ್ಲೇ ಬನ್ನಿ.