ಮೊದಲ ಆಯ್ಕೆ: ಏನೂ ಬೇಡ

ಡೆನ್ವರಿನಲ್ಲಿರುವ ನನ್ನ ಷಡ್ಡಕನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ದೊಡ್ಡಪ್ಪಾ, ಈ ಸಲಾನೂ ಆಗ್ಲಿಲ್ಲ” ಅಂದ. ದನಿ ಸೋತಿತ್ತು. ಗ್ರೀನ್ ಕಾರ್ಡ್ ವಿಷಯವೆಂದುಕೊಂಡು, “ಬಿಡೋ, ಎಲ್ಲರದ್ದೂ ಅದೇ ಕತೆ” ಅಂದೆ. “ಅದಲ್ಲ, ಎಲ್ಕು” ಅಂದ.

ಎಲ್ಕ್ ಎಂದರೆ ನಮ್ಮ ಕಡವೆಯ ದಾಯಾದಿ, ಗಾತ್ರದಲ್ಲಿ ಒಂದು ಕೈ ಮೇಲು. ಜಿರಳೆ ಕಂಡರೆ ಮಂಚ ಹತ್ತುತ್ತಿದ್ದ ಈ ಹುಡುಗ ಅದನ್ನು ಹೊಡೆಯಲು ಕೊಲೊರಾಡೋದಲ್ಲಿ ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದಾನೆ. ಬಂದೂಕಿಗಿಂತ ಮೊದಲು ಅವನು ಕೊಂಡದ್ದು ಸ್ಕ್ಯಾನರ್.

ಅಲ್ಲಿ ಬೇಟೆಗೆ ಮುಖ್ಯವಾಗಿ ಬೇಕಾದದ್ದು ಗುರಿಯಲ್ಲ, ಸರತಿ. ಅರ್ಜಿ ಹಾಕಿಯೂ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ, ಸಿಗದಿದ್ದರೆ ಒಂದು ‘ಪ್ರಿಫರೆನ್ಸ್ ಪಾಯಿಂಟ್’ ಕೊಡುತ್ತಾರೆ. ಹೆಚ್ಚು ಸಲ ಸೋತವನಿಗೆ ಮೊದಲ ಮಣೆ. ನನಗಿದು ಹೊಸದೆನಿಸಲಿಲ್ಲ. ನಾನೂ ಒಂದು ಕಾಲದಲ್ಲಿ ನಿವೇಶನಕ್ಕೆ ಅರ್ಜಿ ಹಾಕಿ, ‘ಇದು ಎಷ್ಟನೇ ಪ್ರಯತ್ನ’ ಎಂಬ ಕಾಲಂನಲ್ಲಿ ಹೆಮ್ಮೆಯಿಂದ ‘ನಾಲ್ಕು’ ಎಂದು ಬರೆದವನೇ. ಸೈಟು ಬರಲಿಲ್ಲ, ಹೆಮ್ಮೆ ಉಳಿಯಿತು.

ಸುಲಭಕ್ಕೆ ಸಿಗುವ ಟ್ಯಾಗೂ ಆ ರಾಜ್ಯದಲ್ಲಿ ಉಂಟು. ಆದರೆ ಇವನಿಗೆ ಬೇಕಾದದ್ದು ವಾಯವ್ಯ ಮೂಲೆಯ 2, 10, 201ನೇ ಯೂನಿಟ್‌ಗಳು; ದೊಡ್ಡ ಕೊಂಬಿನ ಗಂಡುಗಳಿರುವ ಜಾಗ. ಅಲ್ಲಿಗೆ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಬೇಕು. ಇವನದು ವರ್ಷಕ್ಕೊಂದು ಏರುತ್ತದೆ, ಮುಂದೆ ನಿಂತವರದ್ದೂ ಏರುತ್ತದೆ, ಹಾಗಾಗಿ ಬಾಗಿಲೂ ಅಷ್ಟಷ್ಟೇ ಹಿಂದೆ ಸರಿಯುತ್ತದೆ. ಇದಕ್ಕೆ ಅಲ್ಲಿನವರು ‘ಪಾಯಿಂಟ್ ಕ್ರೀಪ್’ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಹೆಸರಿಡುವ ರೂಢಿಯಿಲ್ಲ, ಅನುಭವಿಸುವುದಷ್ಟೆ.

ಫಾರಂ ನೋಡಬೇಕು. ಪ್ರತಿ ಬೇಟೆಗೂ ಒಂದು ಕೋಡು: ಇ-ಎಂ-061-ಓ1-ಆರ್. ಇ ಅಂದರೆ ಎಲ್ಕ್, ಎಂ ಅಂದರೆ ಗಂಡು, ಆಮೇಲೆ ಯೂನಿಟ್, ಆಮೇಲೆ ಸೀಸನ್, ಕೊನೆಗೆ ರೈಫಲ್. ನಡುವಿನ ‘ಓ’ ಅಕ್ಷರವೇ ಹೊರತು ಸೊನ್ನೆಯಲ್ಲ. ಇದಕ್ಕಿಂತ ಸೊಗಸಾದದ್ದು ಇ-ಪಿ-999-99-ಪಿ. ಮೊದಲ ಆಯ್ಕೆಯ ಜಾಗದಲ್ಲಿ ಇದನ್ನು ಬರೆದರೆ, “ಸ್ವಾಮೀ, ನನಗೆ ಎಲ್ಕ್ ಬೇಡ, ಪಾಯಿಂಟ್ ಒಂದು ಕೊಡಿ ಸಾಕು” ಎಂದರ್ಥ. ಸಂದರ್ಶನಕ್ಕೆ ಹೋಗಿ, “ಕೆಲಸ ಬೇಡ, ಸೀನಿಯಾರಿಟಿ ಬರೆದುಕೊಳ್ಳಿ” ಅಂದ ಹಾಗೆ. ಸಾವಿರಾರು ಜನ ಇದನ್ನೇ ಬರೆಯುತ್ತಾರೆ. ವಿಚಾರಿಸಿದರೆ ನಮ್ಮ ಹುಡುಗನೂ ಈ ಸಲ ಇದನ್ನೇ ಬರೆದಿದ್ದ, ಅಕ್ಟೋಬರಿನಲ್ಲಿ ಆಫೀಸಿನ ಪ್ರಾಜೆಕ್ಟ್ ಗೋ-ಲೈವ್ ಇದೆಯಂತೆ. “ಮತ್ತೆ ಆಗ್ಲಿಲ್ಲ ಅಂತ ಅತ್ತಿದ್ದು ಯಾಕೋ?” ಅಂದೆ. “ಎರಡನೇ ಆಯ್ಕೆಗೆ ಹೆಣ್ಣು ಎಲ್ಕ್ ಕೇಳಿದ್ದೆ ದೊಡ್ಡಪ್ಪಾ, ಅದೂ ಬರ್ಲಿಲ್ಲ.”

ಇತರ ರಾಜ್ಯಗಳದ್ದು ಬೇರೆಯೇ ಮಗ್ಗಿ. ನೆವಾಡಾದಲ್ಲಿ ಪಾಯಿಂಟಿನ ವರ್ಗ ತೆಗೆಯುತ್ತಾರೆ: ಹತ್ತಿದ್ದವನ ಹೆಸರಿನಲ್ಲಿ ನೂರು ಚೀಟಿ, ಈ ವರ್ಷದ್ದು ಸೇರಿ 101. ಐಡಾಹೋದಲ್ಲಿ ಪಾಯಿಂಟೇ ಇಲ್ಲ, ಶುದ್ಧ ಅದೃಷ್ಟ. ವಯೋಮಿಂಗಿನಲ್ಲಿ ಹೊರರಾಜ್ಯದವನು ಅಧಿಕೃತ ವನ್ಯಪ್ರದೇಶದೊಳಗೆ ಇಂಥ ಬೇಟೆಯಾಡಬೇಕಾದರೆ ಲೈಸೆನ್ಸ್ ಇರುವ ಗೈಡೋ, ಸ್ಥಳೀಯ ಜೊತೆಗಾರನೋ ಇರಲೇಬೇಕು. ಅದೇ ಕಾಡಿಗೆ ಕ್ಯಾಮೆರಾ ಹಿಡಿದು ಒಬ್ಬನೇ ಹೋಗಬಹುದು. ಕೋವಿ ಹಿಡಿದ ತಕ್ಷಣ ದಾರಿ ತಪ್ಪುತ್ತಾನೆಂದು ಸರ್ಕಾರದ ನಂಬಿಕೆ.

ಟ್ಯಾಗ್ ಕೈಗೆ ಬಂದರೂ ಪರೀಕ್ಷೆ ಮುಗಿಯದು. ಕೊಲೊರಾಡೋದಲ್ಲಿ ಬಂದೂಕಿನ ಸೀಸನ್ನಿಗೆ ಸೊಂಟದ ಮೇಲೆ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ಮೈಮೇಲಿರಬೇಕು, ತಲೆಯ ಮೇಲೂ. ಬೇಡವೆಂದರೆ ಗುಲಾಬಿಯೂ ನಡೆಯುತ್ತದೆ. ಬಹಳ ಕಡೆ ಗಂಡು ಎಲ್ಕಿಗೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲಿರಬೇಕು, ಇಲ್ಲವೇ ಹುಬ್ಬಿನ ಮೇಲಿನ ಕವಲು ಐದು ಅಂಗುಲವಾದರೂ ಇರಬೇಕು. ಈ ಕವಲಿಗೂ ಇಂಗ್ಲಿಷಿನಲ್ಲಿ ಪಾಯಿಂಟ್ ಎಂದೇ ಹೆಸರು, ಅಂದರೆ ಅರ್ಜಿದಾರನಿಗೂ ಪ್ರಾಣಿಗೂ ಒಂದೇ ಅರ್ಹತಾ ಪರೀಕ್ಷೆ. ಹೊಡೆದ ಮೇಲೆ, ಗಂಡೋ ಹೆಣ್ಣೋ ಎನ್ನುವುದಕ್ಕೆ ಸಾಕ್ಷಿಯಾದ ಭಾಗ ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು. ಅಟೆಸ್ಟೆಡ್ ಕಾಪಿ ನಡೆಯುವುದಿಲ್ಲ. ಲೈಸೆನ್ಸಿಗೆ ಮೊದಲು ಸುರಕ್ಷತೆಯ ತರಗತಿಯೂ ಕಡ್ಡಾಯ. 1949ರ ಜನವರಿ 1ಕ್ಕಿಂತ ಮೊದಲು ಹುಟ್ಟಿದವರಿಗೆ ವಿನಾಯಿತಿ. ಕಣ್ಣು ಮಂಜಾದವರ ಗುರಿಯ ಮೇಲೆ ಅಷ್ಟು ಭರವಸೆ.

ಇಷ್ಟೆಲ್ಲ ಬಡಪಾಯಿಗಳಿಗೆ. 2013ರಲ್ಲಿ ಮೊಂಟಾನಾದ ಒಂದೇ ಒಂದು ಬಿಗ್‌ಹಾರ್ನ್ ಕುರಿಯ ಟ್ಯಾಗ್ ಹರಾಜಿನಲ್ಲಿ 4,80,000 ಡಾಲರಿಗೆ ಹೋಯಿತು. ಅಲ್ಲಿ ಯಾರೂ ಪಾಯಿಂಟ್ ಕೇಳಲಿಲ್ಲ. ಆ ಹಣ ಕುರಿಗಳ ರಕ್ಷಣೆಗೇ ಹೋಗುತ್ತದೆ, ನಿಜ. 1937ರ ಕಾಯ್ದೆಯಂತೆ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲಿನ ಶೇ. 11ರ ತೆರಿಗೆಯೂ ಕಾಡುಪ್ರಾಣಿಗಳಿಗೇ ಹೋಗುತ್ತದೆ. ಅಳಿದೇಹೋಗುತ್ತಿದ್ದ ಎಲ್ಕ್ ಮತ್ತೆ ಲಕ್ಷಗಟ್ಟಲೆ ಆದದ್ದರಲ್ಲಿ ಈ ದುಡ್ಡಿನ ಪಾಲಿದೆ ಎಂದು ಒಪ್ಪಿಕೊಂಡೇ ನಗುತ್ತಿದ್ದೇನೆ.

“ನಿನಗ್ಯಾಕೋ ಈ ಹುಚ್ಚು?” ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಕೇಳಿ ಸುಸ್ತಾದೆ. ಎಚ್1ಬಿಯಂಥ ತಾತ್ಕಾಲಿಕ ವೀಸಾದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಖಾಯಂ ಆಗಿ ಉಳಿಯಲು ಯೋಗ್ಯನೋ ಎಂದು ವರ್ಷಗಟ್ಟಲೆ ಯೋಚಿಸುವ ದೇಶ, ಎಲ್ಕ್ ಹೊಡೆಯಲು ಮನಸ್ಸಿದೆ ಅಂದರೆ ಸಾಕು, ಕೋವಿ ಕೈಗಿಡುತ್ತದೆ. “ಇಲ್ಲಿ ನನ್ನನ್ನ ನಂಬಿರೋದು ಇದೊಂದು ಇಲಾಖೆ ಮಾತ್ರ ದೊಡ್ಡಪ್ಪಾ” ಅಂದ.

ಅವನಮ್ಮನಿಗೆ ಇದರ ಬುಡ ತುದಿ ಗೊತ್ತಿಲ್ಲ. ಮಗ ಅಮೆರಿಕದಲ್ಲಿ ಅರ್ಜಿ ಹಾಕಿದ್ದಾನೆ, ಆಗುತ್ತಿಲ್ಲ ಎಂದಷ್ಟೇ ಕಿವಿಗೆ ಬಿದ್ದು, ಹಿಮವದ್ ಗೋಪಾಲಸ್ವಾಮಿಗೆ ಹರಕೆ ಹೊತ್ತಳು. ಹೋದ ವಾರ ನಾವೆಲ್ಲ ಹೊರಟೆವು. ಆ ಬೆಟ್ಟವಿರುವ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಮಹಾರಾಜರು ಬೇಟೆಯಾಡುತ್ತಿದ್ದ ಕಾಡು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಲ್ಲಿ ಕಲ್ಲೆತ್ತಿದರೂ ಕೇಸು. ನಮ್ಮ ಕಾರನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿದರು, ಮೇಲಕ್ಕೆ ಸರ್ಕಾರಿ ಬಸ್ಸೇ ಗತಿ. ಉದ್ದನೆಯ ಕ್ಯೂ. ಅವಳು ಹಣ್ಣುಕಾಯಿ ಚೀಲ ಹಿಡಿದು ನಿಂತಿದ್ದಳು. ರಸ್ತೆಯಾಚೆ ಲಂಟಾನದ ಪೊದೆಯಿಂದ ತಲೆ ಹೊರಹಾಕಿ ಒಂದು ಗಂಡು ಕಡವೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು, ಎಣಿಸುತ್ತಿರುವ ಹಾಗೆ.